ಹ್ಯಾಮರ್ ಸಂಸ್ಥೆಯ ಹಳೆಯ ಡ್ರಾಕುಲಾ ಚಿತ್ರಗಳನ್ನು ಜನ ಇಂದಿಗೂ ಏಕೆ ನೋಡುತ್ತಾರೆ?

ಮುಖ್ಯ ಕಾರಣ ಬಣ್ಣ ಮತ್ತು ವೇಗ. 1931ರ ಅಮೆರಿಕದ ಡ್ರಾಕುಲಾ ಕಪ್ಪು-ಬಿಳುಪಿನದು, ನಿಧಾನಗತಿಯದು. ಬ್ರಿಟನ್ನಿನ ಹ್ಯಾಮರ್ ಸಂಸ್ಥೆಗಾಗಿ ಟೆರೆನ್ಸ್ ಫಿಶರ್ 1958ರಲ್ಲಿ ನಿರ್ದೇಶಿಸಿದ ‘ಡ್ರಾಕುಲಾ’ದಲ್ಲಿ ಶವಪೆಟ್ಟಿಗೆಯ ಹೆಸರಿನ ಮೇಲೆ ಕಡುಗೆಂಪು ರಕ್ತ ತೊಟ್ಟಿಕ್ಕುವುದರೊಂದಿಗೇ ಕಥೆ ಆರಂಭವಾಗುತ್ತದೆ.

ರಕ್ತ ಹೀರುವ ಡ್ರಾಕುಲಾನ ಪಾತ್ರದಲ್ಲಿ ಕ್ರಿಸ್ಟೋಫರ್ ಲೀ ಮೊದಲು ಬರುವುದು ಸಭ್ಯ ಆತಿಥೇಯನಾಗಿ. ಅತಿಥಿಯ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಹೋಗುವಷ್ಟು ಸಭ್ಯ! ಸ್ವಲ್ಪ ಹೊತ್ತಿನಲ್ಲೇ ಅದೇ ಮನುಷ್ಯ ಕೆಂಗಣ್ಣು, ರಕ್ತಸಿಕ್ತ ಬಾಯಿಯೊಂದಿಗೆ ಬಾಗಿಲಲ್ಲಿ ನಿಂತಿರುತ್ತಾನೆ. ಆಮೇಲೆ ಅವನಿಗೆ ಮಾತೇ ಇಲ್ಲ. ಆ ಮೌನವೇ ನಡುಕ ಹುಟ್ಟಿಸುತ್ತದೆ.

ಎದುರಾಳಿ ವ್ಯಾನ್ ಹೆಲ್ಸಿಂಗ್ ಆಗಿ ಪೀಟರ್ ಕುಶಿಂಗ್. ಕೊನೆಯಲ್ಲಿ ಅವರು ಮೇಜಿನ ಮೇಲೆ ಓಡಿ, ಪರದೆಗೆ ಜಿಗಿದು ಕಿತ್ತೆಳೆಯುತ್ತಾರೆ. ಬಿಸಿಲು ನುಗ್ಗುತ್ತದೆ. ಎರಡು ಮೇಣದಬತ್ತಿ ಕಂಬಗಳನ್ನು ಅಡ್ಡ ಹಿಡಿದು ಶಿಲುಬೆ ಮಾಡಿ ಡ್ರಾಕುಲಾನನ್ನು ಬೆಳಕಿಗೆ ತಳ್ಳುತ್ತಾರೆ. ಶಿಲುಬೆಯ ಉಪಾಯ ಕುಶಿಂಗ್ ಅವರದೇ. ಇಂಥ ಶ್ರದ್ಧೆಯ ನಟನೆಯಿಂದಾಗಿ ಅಲ್ಪ ವೆಚ್ಚದ ಸೆಟ್ಟುಗಳೂ ನಿಜವೆನಿಸುತ್ತವೆ.

ಡ್ರಾಕುಲಾನನ್ನು ಆಧುನಿಕ ಲಂಡನ್ನಿಗೆ ತಂದ 1972ರ ಚಿತ್ರದ ಹೊತ್ತಿಗೆ ಈ ಬಿಗಿ ಸಡಿಲಗೊಂಡಿತ್ತು. 1958ರದನ್ನು ಮೊದಲು ನೋಡಿ. ನಂತರ 1960ರ ‘ದಿ ಬ್ರೈಡ್ಸ್ ಆಫ್ ಡ್ರಾಕುಲಾ’. ಅದರಲ್ಲಿ ಲೀ ಇಲ್ಲ, ಆದರೆ ಕುಶಿಂಗ್ ತಮ್ಮ ಕುತ್ತಿಗೆಯ ಕಡಿತವನ್ನು ಕಾದ ಕಬ್ಬಿಣದಿಂದ ತಾವೇ ಸುಟ್ಟುಕೊಳ್ಳುವ ದೃಶ್ಯವೊಂದೇ ಸಾಕು.