ಲ್ಯಾಪ್‌ಟಾಪ್‌ನಲ್ಲಿ ಪಾಸ್ ಆಗುವ ಸೆಲೆನಿಯಮ್ ಟೆಸ್ಟ್ ಜೆಂಕಿನ್ಸ್‌ನಲ್ಲಿ ಟೈಮ್‌ಔಟ್ ಆಗುವುದೇಕೆ?

ಲ್ಯಾಪ್‌ಟಾಪ್‌ನಲ್ಲಿ ಸೆಲೆನಿಯಮ್ ಟೆಸ್ಟ್ (ಕೋಡ್‌ನಿಂದಲೇ ಬ್ರೌಸರ್ ಓಡಿಸಿ ಸೈಟ್ ಪರೀಕ್ಷಿಸುವುದು) ಸರಿಯಾಗಿ ಓಡುತ್ತದೆ, ತಾನಾಗಿ ಬಿಲ್ಡ್ ಮತ್ತು ಟೆಸ್ಟ್ ನಡೆಸುವ ಜೆಂಕಿನ್ಸ್‌ನ ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಂ ಅನ್ನು ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆ) ಹೆಡ್‌ಲೆಸ್ ಕ್ರೋಮ್, ಅಂದರೆ ಪರದೆ ಮೇಲೆ ಕಿಟಕಿ ತೋರಿಸದ ಕ್ರೋಮ್, ಹಾಕಿದರೆ ಮಾತ್ರ ಲಾಗಿನ್ ಬಟನ್‌ಗೆ ಕಾದು ಆಗಾಗ ಟೈಮ್‌ಔಟ್ ಬರುತ್ತದೆ, ವೇಟ್ (ಕಾಯುವ ಗರಿಷ್ಠ ಸಮಯ) ಅನ್ನು 10ರಿಂದ 60 ಸೆಕೆಂಡಿಗೆ ಏರಿಸಿದರೂ ಹೋಗಿಲ್ಲ ಅಂದಿದ್ದೀರಿ. ಮೊದಲು ಆ 60 ಅನ್ನು ಮತ್ತೆ 10ಕ್ಕೆ ಇಳಿಸಿ. ಒಂದು ನಿಮಿಷ ಕಾದರೂ ಬಾರದ ಬಟನ್ ಇನ್ನೂ ಜಾಸ್ತಿ ಕಾದರೆ ಬರುವುದಿಲ್ಲ. ಟೆಸ್ಟ್ ಫೇಲ್ ಆಗುವುದು ತಡವಾಗುತ್ತದೆ, ಅಷ್ಟೇ.

ನಾನು ಮೊದಲು ನೋಡುವುದು ಸ್ಕ್ರೀನ್‌ಶಾಟ್. ಟೆಸ್ಟ್ ಫೇಲ್ ಆದ ಕ್ಷಣದಲ್ಲೇ ಒಂದು ಚಿತ್ರ ಮತ್ತು ಪೇಜ್ ಸೋರ್ಸ್ (ಪೇಜ್‌ನ ಎಚ್‌ಟಿಎಮ್‌ಎಲ್) ಸೇವ್ ಆಗುವಂತೆ ಮಾಡಿ. ಇದಿಲ್ಲದೆ ಹುಡುಕುವುದು ಸುಮ್ನೆ ಸಮಯ ದಂಡ. ಹೆಡ್‌ಲೆಸ್ ಕ್ರೋಮ್‌ಗೆ ವಿಂಡೋ ಸೈಜ್ ಹೇಳದಿದ್ದರೆ ಅದು ಚಿಕ್ಕ ಕಿಟಕಿಯಲ್ಲೇ ತೆರೆಯುತ್ತದೆ, ಸಾಮಾನ್ಯವಾಗಿ 800 x 600. ಅಷ್ಟು ಅಗಲಕ್ಕೆ ಎಷ್ಟೋ ಸೈಟ್‌ಗಳು ಮೊಬೈಲ್ ಲೇಔಟ್ ತೋರಿಸುತ್ತವೆ. ಲಾಗಿನ್ ಬಟನ್ ಮೂರು ಗೆರೆಯ ಮೆನು ಒಳಗೆ ಹೋಗಿ ಕೂತಿರುತ್ತದೆ. ಬಟನ್ ಪೇಜ್‌ನಲ್ಲಿ ಇದೆ, ಆದರೆ ಕಾಣುವುದಿಲ್ಲ. ಆಗ ಕ್ಲಿಕ್ ಆಗುವ ತನಕ ಕಾಯಿರಿ ಅನ್ನುವ ಕೋಡ್ ಕಾದು ಕಾದು ಸಾಯುತ್ತದೆ. ಸೈಜ್ ಅನ್ನು 1920 x 1080 ಅಂತ ಕೊಟ್ಟು ನೋಡಿ. ಚಿತ್ರದಲ್ಲಿ ಬಟನ್ ಚೆನ್ನಾಗಿಯೇ ಕಾಣುತ್ತಿದ್ದರೆ ಅದು ಐಫ್ರೇಮ್ (ಪೇಜ್ ಒಳಗೆ ಕೂರಿಸಿದ ಇನ್ನೊಂದು ಪೇಜ್) ಒಳಗಿದೆಯಾ ಅಂತ ನೋಡಿ. ಫ್ರೇಮ್‌ಗೆ ಸ್ವಿಚ್ ಆಗದೆ ಸೆಲೆನಿಯಮ್‌ಗೆ ಅದು ಸಿಗುವುದೇ ಇಲ್ಲ.

ಎರರ್‌ನ ಮೊದಲ ಸಾಲನ್ನೂ ಪೂರ್ತಿ ಓದಿ. ರೆಂಡರರ್‌ನಿಂದ (ಪೇಜ್ ಅನ್ನು ಮೂಡಿಸುವ ಕ್ರೋಮ್‌ನ ಭಾಗ) ಮೆಸೇಜ್ ಬರಲಿಲ್ಲ ಅಂತಿದ್ದು, ಪಕ್ಕದಲ್ಲಿ 300ರ ಹತ್ತಿರದ ಸಂಖ್ಯೆ ಇದ್ದರೆ ಮುಗಿದಿರುವುದು ನಿಮ್ಮ ವೇಟ್ ಅಲ್ಲ, ಪೇಜ್ ಲೋಡ್ ಟೈಮ್‌ಔಟ್. ಅದರ ಡೀಫಾಲ್ಟ್ 300 ಸೆಕೆಂಡ್. ಬೇರೆ ಸರ್ವರ್‌ನಿಂದ ಬರುವ ಜಾಹೀರಾತು ಅಥವಾ ಅನಾಲಿಟಿಕ್ಸ್ ಸ್ಕ್ರಿಪ್ಟ್ ಒಂದು ಸಿಕ್ಕಿಕೊಂಡರೂ ಸಾಕು, ಪೇಜ್ ಲೋಡ್ ಮುಗಿಯುವುದಿಲ್ಲ. ಕಂಪನಿಯ ಫೈರ್‌ವಾಲ್ ಹಿಂದಿರುವ ಬಿಲ್ಡ್ ಮಷೀನ್‌ಗಳಲ್ಲಿ ಇದು ಮಾಮೂಲಿ. ಪೇಜ್ ಲೋಡ್ ಸ್ಟ್ರಾಟಜಿಯನ್ನು (ಪೇಜ್ ಎಷ್ಟು ಲೋಡ್ ಆಗುವ ತನಕ ಕಾಯಬೇಕು ಅನ್ನುವ ಸೆಟ್ಟಿಂಗ್) ನಾರ್ಮಲ್‌ನಿಂದ ಈಗರ್‌ಗೆ ಬದಲಿಸಿದರೆ ಎಚ್‌ಟಿಎಮ್‌ಎಲ್ ಸಿದ್ಧವಾದ ಕೂಡಲೇ ಟೆಸ್ಟ್ ಮುಂದೆ ಹೋಗುತ್ತದೆ.

ಟ್ಯಾಬ್ ಕ್ರ್ಯಾಶ್ ಆಯಿತು ಅಂತ ಲಾಗ್‌ನಲ್ಲಿ ಕಂಡರೆ ಅನುಮಾನ ಮೆಮರಿ ಮೇಲೆ. ಡಾಕರ್ ತಾನಾಗಿ ಕೊಡುವ ಶೇರ್ಡ್ ಮೆಮರಿ (ಪ್ರೊಸೆಸ್‌ಗಳು ಹಂಚಿಕೊಂಡು ಬಳಸುವ ಮೆಮರಿ) ಬರೀ 64 ಎಂಬಿ. ಭಾರದ ಪೇಜ್ ಬಂದರೆ ಕ್ರೋಮ್‌ಗೆ ಅದು ಸಾಲದು. ಕಂಟೇನರ್ ಶುರು ಮಾಡುವಾಗಲೇ ಶೇರ್ಡ್ ಮೆಮರಿಯನ್ನು 2 ಜಿಬಿಗೆ ಏರಿಸಿ.

ಇನ್ನೊಂದು ವಿಷಯ. ನಿಮ್ಮ ಕೋಡ್‌ನಲ್ಲಿ ಇಂಪ್ಲಿಸಿಟ್ ವೇಟ್ (ಪ್ರತಿ ಹುಡುಕಾಟಕ್ಕೂ ತಾನಾಗಿ ಅನ್ವಯಿಸುವುದು), ಎಕ್ಸ್‌ಪ್ಲಿಸಿಟ್ ವೇಟ್ (ನೀವು ಹೇಳಿದ ಒಂದು ಷರತ್ತಿಗೆ ಮಾತ್ರ ಕಾಯುವುದು) ಎರಡೂ ಇವೆ ಅಲ್ವಾ? ಒಂದನ್ನು ತೆಗೆಯಿರಿ. ಸೆಲೆನಿಯಮ್‌ನ ಡಾಕ್ಯುಮೆಂಟೇಶನ್ನೇ ಎರಡನ್ನೂ ಬೆರೆಸಬೇಡಿ ಅನ್ನುತ್ತದೆ: 10 ಸೆಕೆಂಡಿನ ಇಂಪ್ಲಿಸಿಟ್, 15 ಸೆಕೆಂಡಿನ ಎಕ್ಸ್‌ಪ್ಲಿಸಿಟ್ ಸೇರಿದರೆ ಟೈಮ್‌ಔಟ್ 20 ಸೆಕೆಂಡಿಗೆ ಬರಬಹುದು. ಇಂಪ್ಲಿಸಿಟ್ ಅನ್ನು ಸೊನ್ನೆಗೆ ಬಿಡುವುದೇ ನನಗೆ ಸರಿ ಅನಿಸುತ್ತದೆ. ಎಕ್ಸ್‌ಪ್ಲಿಸಿಟ್ ವೇಟ್ ಅರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡುತ್ತದೆ, ಸಿಕ್ಕ ತಕ್ಷಣ ಮುಂದೆ ಹೋಗುತ್ತದೆ. ಸ್ಲೀಪ್ ಹಾಗಲ್ಲ, ಬಟನ್ ಬಂದಿದ್ದರೂ ಹೇಳಿದಷ್ಟು ಹೊತ್ತು ನಿಂತೇ ಇರುತ್ತದೆ.

ಇಷ್ಟು ಮಾಡಿಯೂ ಹೋಗದಿದ್ದರೆ ಎರರ್‌ನ ಮೊದಲ ಸಾಲು ಮತ್ತು ಆ ಸ್ಕ್ರೀನ್‌ಶಾಟ್ ಎರಡನ್ನೂ ಪ್ರಶ್ನೆಗೆ ಸೇರಿಸಿ, ನೋಡಿ ಹೇಳುತ್ತೇನೆ.