ಪ್ರತಿ ಅಮಾವಾಸ್ಯೆಗೂ ಗ್ರಹಣ ಯಾಕಿಲ್ಲ?

ತೀರ್ಥಹಳ್ಳಿಯವರೊಬ್ಬರು ಕೇಳಿದ್ದು ಎರಡು: ಅಮಾವಾಸ್ಯೆಗೆ ಚಂದ್ರ ಸೂರ್ಯನ ಕಡೆಗೇ ಇರುವಾಗ ತಿಂಗಳಿಗೊಂದು ಗ್ರಹಣ ಯಾಕಾಗಲ್ಲ? 2019ರ ಸೂರ್ಯಗ್ರಹಣದಲ್ಲಿ ನಮ್ಮಲ್ಲಿ ಕತ್ತಲಾಗಲಿಲ್ಲ ಯಾಕೆ?

ಮೊದಲನೆಯದು ಸರ್, ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆ. ಕಡಿಮೆ ಅನ್ನಿಸುತ್ತೆ, ಆದರೆ ಆಕಾಶದಲ್ಲಿ ಸೂರ್ಯನ ಅಗಲವೇ ಅರ್ಧ ಡಿಗ್ರಿ. ಹಾಗಾಗಿ ಹೆಚ್ಚಿನ ಅಮಾವಾಸ್ಯೆಗಳಲ್ಲಿ ಚಂದ್ರ ಸೂರ್ಯನ ಮೇಲೋ ಕೆಳಗೋ ದಾಟಿ ಹೋಗ್ತಾನೆ, ನೆರಳು ಭೂಮಿಗೆ ತಾಗೋದೇ ಇಲ್ಲ. ಎರಡೂ ದಾರಿ ಕೂಡುವ ಜಾಗದ ಹತ್ತಿರ ಅಮಾವಾಸ್ಯೆ ಬಿದ್ದರೆ ಮಾತ್ರ ಗ್ರಹಣ. ಪಂಚಾಂಗದ ರಾಹು, ಕೇತು ಅಂದ್ರೆ ಆ ಎರಡು ಬಿಂದುಗಳೇ. ಹಾವೂ ಇಲ್ಲ, ನುಂಗೋದೂ ಇಲ್ಲ.

ಹಾಗಂತ ಗ್ರಹಣವೇ ಅಪರೂಪ ಅಲ್ಲ, ಭೂಮಿಯ ಮೇಲೆಲ್ಲೋ ವರ್ಷಕ್ಕೆ ಕನಿಷ್ಠ ಎರಡು ಸೂರ್ಯಗ್ರಹಣ ಇದ್ದೇ ಇರುತ್ತೆ. ಅಪರೂಪ ಅಂದ್ರೆ ಪೂರ್ಣ ನೆರಳಿನ ಕಿರಿದಾದ ಪಟ್ಟಿ ನಮ್ಮೂರಿನ ಮೇಲೇ ಹಾಯೋದು. 1980ರ ಫೆಬ್ರವರಿ 16ರಂದು ಅದು ಅಂಕೋಲಾ, ಗದಗ, ರಾಯಚೂರಿನ ಮೇಲೆ ಹೋಯ್ತು.

2019ರ ಡಿಸೆಂಬರ್ 26ರದ್ದು ಕಂಕಣ ಗ್ರಹಣ. ಚಂದ್ರ ದೂರದಲ್ಲಿದ್ದು ಚಿಕ್ಕದಾಗಿ ಕಂಡಿದ್ದರಿಂದ ಸೂರ್ಯ ಪೂರ್ತಿ ಮುಚ್ಚಲಿಲ್ಲ, ಸುತ್ತ ಬಳೆಯಂಥ ಬೆಳಕಿನ ಅಂಚು ಉಳಿಯಿತು. ಆ ಬಳೆ ಕಂಡಿದ್ದು ಕೊಡಗಿನ ಕಡೆ. ಶಿವಮೊಗ್ಗದಲ್ಲಿ ಭಾಗಶಃ ಅಷ್ಟೇ. ಆದರೂ ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ತೋಟದಲ್ಲಿದ್ದವರು ನೆಲ ನೋಡಿರಬೇಕು: ಅಡಿಕೆ ಸೋಗೆಯ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕಿಗಳೆಲ್ಲ ಬಿದಿಗೆ ಚಂದ್ರನ ಆಕಾರ!

ಭಾರತದಲ್ಲಿ ಕಾಣುವ ಮುಂದಿನ ಕಂಕಣ 2031ರ ಮೇ 21, ಕೇರಳ-ತಮಿಳುನಾಡಿನಲ್ಲಿ. ನಮಗೆ ಆಗಲೂ ಭಾಗಶಃ. ಎಕ್ಸ್‌ರೇ ಹಾಳೆ ಹಿಡಿದು ನೋಡಬೇಡಿ, ಗ್ರಹಣದ ಕನ್ನಡಕವೇ ಬೇಕು.