ಹಕ್ಕಿ ಪ್ರಶ್ನೋತ್ತರ: ತರಗೆಲೆಯ ನಡುವಿನ ನೆಲಸಿಳ್ಳಾರ

ಪ್ರಶ್ನೆ: ಮನೆಯ ಹಿಂದಿನ ಕುಳಾಗರದಲ್ಲಿ (ನೀರು ಹಾಯಿಸುವ ಅಡಿಕೆ ತೋಟ) ಸಂಜೆ ಹೊತ್ತು ಕಿತ್ತಳೆ ತಲೆ, ಬೂದುನೀಲಿ ಬೆನ್ನಿನ ಹಕ್ಕಿಯೊಂದು ನೆಲದಲ್ಲಿ ಕುಪ್ಪಳಿಸುತ್ತದೆ. ಮೊಬೈಲು ತೆಗೆಯುವಷ್ಟರಲ್ಲಿ ಮಾಯ. ಇದು ನವರಂಗವೇ?
— ಓದುಗರು, ಪೋಂಡಾ, ಗೋವಾ

ಉತ್ತರ: ಅಲ್ಲ, ನೆಲಸಿಳ್ಳಾರ. ನವರಂಗದ ಬೆನ್ನು ಹಸಿರು, ಬಾಲ ಮೊಟಕು, ಬಾಲದಡಿ ಕೆಂಪು. ನೆಲಸಿಳ್ಳಾರ ಸುಮಾರು 21 ಸೆಂ.ಮೀ. ಉದ್ದ. ನಮ್ಮ ಘಟ್ಟದ ಕಡೆಯ ಉಪಜಾತಿಗೆ ಗಂಟಲು ಬಿಳಿ, ಬಿಳಿ ಕೆನ್ನೆಯ ಮೇಲೆ ಮಸಿಯಲ್ಲಿ ಎಳೆದಂತೆ ಎರಡು ಉದ್ದ ಗೆರೆ. ಹೆಣ್ಣಿನ ಬೆನ್ನು ತುಸು ಕಂದು.

ಮಾಯವಾದದ್ದು ದೂರ ಹೋಗಿರುವುದಿಲ್ಲ. ಬೆದರಿದರೆ ಹತ್ತಿರದ ತಗ್ಗು ಕೊಂಬೆಗೆ ಹಾರಿ ಕಲ್ಲಿನಂತೆ ಕೂರುವುದು ಇದರ ಚಾಳಿ. ಹಿಂದೆ ಬಿದ್ದು ಹುಡುಕಿದರೆ ಪೊದೆಯೊಳಗೆ ನುಸುಳುತ್ತದೆ. ಆಮೇಲೆ ಆ ದಿನದ ಮಟ್ಟಿಗೆ ಮುಗಿಯಿತು. ಬೆಳಕು ಹರಿಯುವಾಗ ಅಥವಾ ಮುಸ್ಸಂಜೆಗೆ ಅಡಿಕೆ ಮರಕ್ಕೊರಗಿ ಇಪ್ಪತ್ತು ನಿಮಿಷ ಅಲ್ಲಾಡದೆ ಕೂತು ಕಿವಿ ಕೊಡಿ. ಕೊಕ್ಕಿನಲ್ಲಿ ಎಲೆ ಮಗುಚುವ ಸರಬರ ಸದ್ದು ಮೊದಲು, ಹಕ್ಕಿ ಆಮೇಲೆ. ಫೋನಿನಲ್ಲಿ ಅದರ ಹಾಡು ಹಾಕಿ ಕರೆಯುವವರಿದ್ದಾರೆ. ಮರಿಗೆ ಹುಳ ಹುಡುಕುವ ಹೊತ್ತನ್ನು ಇಲ್ಲದ ಎದುರಾಳಿಯ ಮೇಲೆ ಕಳೆಯುವಂತೆ ಮಾಡುವ ಕೆಟ್ಟ ಅಭ್ಯಾಸ ಅದು.

ಪ್ರಶ್ನೆ: ನೆಲಸಿಳ್ಳಾರಕ್ಕೆಂದು ಅಕ್ಕಿ, ನವಣೆ ಹಾಕಿದೆವು. ಮುಟ್ಟಲೇ ಇಲ್ಲ. ಏನಿಟ್ಟರೆ ಬಂದೀತು?
— ಓದುಗರು, ಮಡಗಾಂವ್

ಉತ್ತರ: ಕಾಳು ಇದರ ಊಟವಲ್ಲ. ಎರೆಹುಳ, ಕೀಟ, ಬಸವನಹುಳು, ಜೊತೆಗೆ ಕಾಡುಹಣ್ಣು. ಅಂಗಳ ದಿನಾ ಗುಡಿಸುವ ಮನೆಗೆ ಇದು ಬರುವುದಿಲ್ಲ: ಎಲೆ ಹೋದರೆ ಮಣ್ಣು ಒಣಗುತ್ತದೆ, ಒಣಗಿದರೆ ಎರೆಹುಳ ಆಳಕ್ಕಿಳಿಯುತ್ತದೆ. ಕುಳಾಗರಕ್ಕೆ ಬೇಸಿಗೆಯಲ್ಲೂ ನೀರು ಹಾಯುವುದರಿಂದಲೇ ಅಲ್ಲಿ ನೆಲೆ. ಮರದ ನೆರಳಲ್ಲಿ ಮೂರು-ನಾಲ್ಕು ಇಂಚು ತರಗೆಲೆ ಹಾಗೇ ಬಿಡಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು-ಸುಣ್ಣದ ಬೋರ್ಡೊ ದ್ರಾವಣ ಹೊಡೆಯುವ ತೋಟವಾದರೆ ಈ ಮೂಲೆ ಅಡಿಕೆ ಸಾಲಿನಿಂದ ದೂರವಿರಲಿ. ಆ ದ್ರಾವಣದಿಂದ ಮಣ್ಣಿನಲ್ಲಿ ಸೇರಿಕೊಳ್ಳುವ ತಾಮ್ರ ಎರೆಹುಳಕ್ಕೆ ಆಗದು.

ಒಂದೂವರೆ ಅಡಿ ಅಗಲದ ಮಣ್ಣಿನ ತಟ್ಟೆಯನ್ನು ನೆಲದ ಮಟ್ಟಕ್ಕೇ ಇಟ್ಟು ಒಂದಿಂಚು ನೀರು ತುಂಬಿ. ಆಳವಾದರೆ ಇಳಿಯುವುದಿಲ್ಲ. ಪೊದೆಗೆ ಅಂಟಿಸಿದರೆ ಬೆಕ್ಕು ಹೊಂಚು ಹಾಕುತ್ತದೆ, ತೀರಾ ಬಯಲಲ್ಲಿಟ್ಟರೆ ಹಕ್ಕಿ ಹೆದರುತ್ತದೆ. ಆರು ಅಡಿ ಅಂತರ ಸಾಕು. ಸೊಳ್ಳೆಮರಿ ಬೆಳೆಯದಂತೆ ಎರಡು ದಿನಕ್ಕೊಮ್ಮೆ ತಿಕ್ಕಿ ತೊಳೆದು ನೀರು ಬದಲಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೂಡಿನ ಕಾಲ. ಸಣ್ಣ ಮರದ ಕವಲಿನಲ್ಲಿ ಕಡ್ಡಿ, ಬೇರಿನ ಬಟ್ಟಲು. ಮೂರು ಅಥವಾ ನಾಲ್ಕು ಮೊಟ್ಟೆ. ಕಾವು ಎರಡು ವಾರ, ಮರಿ ಹೊರಬೀಳಲು ಇನ್ನೂ ಹನ್ನೆರಡು ದಿನ ಅಂದುಕೊಳ್ಳಿ. ಅಷ್ಟು ದಿನ ಆ ಕಡೆ ಕತ್ತಿ ಹಿಡಿದು ಹೋಗಬೇಡಿ.

ಪ್ರಶ್ನೆ: ತಾಂಬಡಿ ಸುರ್ಲಾ ದೇಗುಲದ ಬಳಿ ಮಳೆಗಾಲದ ನಸುಕಿನಲ್ಲಿ ಯಾರೋ ಸಿಳ್ಳೆ ಹಾಕಿದಂತೆ ಕೇಳುತ್ತದೆ. ಇದೇ ಹಕ್ಕಿಯೇ?
— ಓದುಗರು, ವಾಸ್ಕೊ

ಉತ್ತರ: ಅದು ಮಲಬಾರ್ ಸಿಳ್ಳಾರ, ಬೇರೆ ಜಾತಿ. ಕಡುನೀಲಿ-ಕಪ್ಪು ಮೈ, ಹಣೆ ಮತ್ತು ಹೆಗಲಲ್ಲಿ ಹೊಳೆವ ನೀಲಿ. ಮರಾಠಿಯವರ ಬಾಯಲ್ಲಿ ಎರಡೂ 'ಕಸ್ತೂರ್' ಆಗಿರುವುದರಿಂದ ಗೊಂದಲ. ಮಲಬಾರ್ ಸಿಳ್ಳಾರ ಹೊಳೆ ಬಿಟ್ಟು ಹೆಚ್ಚು ದೂರವಿರದು. ಬಂಡೆಯ ಸಂದಿನಲ್ಲಿ, ಜಲಪಾತದ ಪಕ್ಕದಲ್ಲೂ ಗೂಡು ಕಟ್ಟುತ್ತದೆ. ದೇಗುಲದ ಪಕ್ಕದ ಹೊಳೆಯ ಬಂಡೆಗಳ ಮೇಲೆ ಕಣ್ಣಿಡಿ. ಮಳೆಗಾಲದಲ್ಲಿ ಅಲ್ಲಿ ಉಂಬಳ ಹತ್ತುತ್ತದೆ, ಕಾಲ್ಚೀಲಕ್ಕೆ ಸುಣ್ಣ-ತಂಬಾಕು ಸವರಿಕೊಂಡು ಹೋಗಿ.